ಓದುಗರು ಕೇಳಿದ್ದಾರೆ: ಸ್ವೀಡನ್ನಿನ ಐದು ದಿನದ ಓರಿಯೆಂಟಿಯರಿಂಗ್ ಮತ್ತು ಎಲೀಟ್ ಓಟ

ಓರಿಯೆಂಟಿಯರಿಂಗ್ ಅಂದರೆ ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಗುರುತು ಮಾಡಿಟ್ಟ ಜಾಗಗಳನ್ನು ಕೊಟ್ಟ ಕ್ರಮದಲ್ಲೇ ಮುಟ್ಟುತ್ತಾ ಸಾಗುವ ಓಟ. ಆ ಜಾಗಗಳಿಗೆ ಕಂಟ್ರೋಲ್ ಎನ್ನುತ್ತಾರೆ. ಒಂದು ಕಂಟ್ರೋಲಿನಿಂದ ಇನ್ನೊಂದಕ್ಕಿರುವ ಓಟ ಒಂದು ಲೆಗ್. ದಾರಿ ಯಾವುದು ಎಂದು ಯಾರೂ ಹೇಳಿಕೊಡುವುದಿಲ್ಲ, ಓಟಗಾರರೇ ಆರಿಸಿಕೊಳ್ಳಬೇಕು. ಸ್ವೀಡನ್ನಿನ ಐದು ದಿನದ ಓಟದ ಹಬ್ಬ ಓ-ರಿಂಗೆನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಟಿಪ್ಪಣಿ ಓದಿ ಹಲವರು ಪ್ರಶ್ನೆ ಕಳಿಸಿದ್ದಾರೆ. ಹೆಚ್ಚಿನವು ಎಲೀಟ್ ವರ್ಗದ, ಅಂದರೆ ಅಗ್ರಮಟ್ಟದ ಓಟಗಾರರ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಐದು ದಿನ ಓಡಿದ ಮೇಲೆ ಗೆದ್ದವರು ಯಾರು ಎಂದು ಹೇಗೆ ತೀರ್ಮಾನಿಸುತ್ತಾರೆ? ಎಲೀಟ್ ಎನ್ನುವುದು ಬೇರೆ ಸ್ಪರ್ಧೆಯೇ?
ಓದುಗರೊಬ್ಬರು, ಶಿವಮೊಗ್ಗ

ಓ-ರಿಂಗೆನ್ ಶುರುವಾದದ್ದು 1965ರಲ್ಲಿ, ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆ ಪ್ರಾಂತ್ಯದಲ್ಲಿ. ಪೇಒ ಬೆಂಗ್ಟ್‌ಸನ್ ಮತ್ತು ಸೀವಾರ್ ನಿಲ್ಸನ್ ಇದನ್ನು ಹುಟ್ಟುಹಾಕಿದವರು. ಮೊದಲ ವರ್ಷ ಓಡಿದವರು ನೂರೈವತ್ತು ಮಂದಿಯ ಆಸುಪಾಸು. ಇಪ್ಪತ್ತು ವರ್ಷ ಕಳೆದು 1985ರಲ್ಲಿ ಫಾಲುನ್ ಊರಿನಲ್ಲಿ ನಡೆದಾಗ ಆ ಸಂಖ್ಯೆ 25 ಸಾವಿರ ದಾಟಿತ್ತು. ಈಗ ಪ್ರತಿ ಜುಲೈನಲ್ಲಿ ಊರು ಬದಲಿಸುತ್ತಾ ನಡೆಯುತ್ತದೆ: 2023ರಲ್ಲಿ ಓರೆ, 2024ರಲ್ಲಿ ಓಸ್ಕರ್ಸ್‌ಹಮ್ನ್, 2025ರಲ್ಲಿ ಯೋನ್‌ಶೋಪಿಂಗ್. ಪುಟ್ಟ ಮಕ್ಕಳಿಂದ ತೊಂಬತ್ತರ ಹಿರಿಯರವರೆಗೆ ವಯಸ್ಸಿಗೆ ತಕ್ಕ ವರ್ಗಗಳಿವೆ. ಗಂಡಸರ ವರ್ಗಗಳಿಗೆ ಎಚ್, ಹೆಂಗಸರ ವರ್ಗಗಳಿಗೆ ಡಿ ಎಂಬ ಅಕ್ಷರ ಹಚ್ಚುತ್ತಾರೆ. ಎಚ್21ಇ, ಡಿ21ಇ ಎಂದರೆ ವಯಸ್ಕರ ಎಲೀಟ್. ಹಬ್ಬ ಒಂದೇ, ಕಾಡೂ ಒಂದೇ. ಎಲೀಟ್ ಕೋರ್ಸ್ (ಮುಟ್ಟಬೇಕಾದ ಕಂಟ್ರೋಲುಗಳ ಸರಣಿ) ಮಾತ್ರ ಬೇರೆ, ಅದಕ್ಕೆ ಸೇರಲು ಅರ್ಹತೆ ಬೇಕು. ಅರ್ಹತೆ ಇಲ್ಲದವರು ಅದೇ 21ರ ಬೇರೆ ಉಪವರ್ಗಗಳಲ್ಲಿ ಓಡಬಹುದು.

ಲೆಕ್ಕ ಸರಳ. ದಿನದಿನದ ಸಮಯವನ್ನು ಕೂಡುತ್ತಾ ಹೋಗುತ್ತಾರೆ. ಐದನೇ ದಿನ ಚೇಸಿಂಗ್ ಸ್ಟಾರ್ಟ್: ನಾಲ್ಕು ದಿನಗಳ ಒಟ್ಟು ಸಮಯದಲ್ಲಿ ಮುಂದಿರುವವರು ಮೊದಲು ಹೊರಡುತ್ತಾರೆ, ಉಳಿದವರು ತಾವು ಎಷ್ಟು ಹಿಂದಿದ್ದಾರೋ ಅಷ್ಟು ತಡವಾಗಿ. ಒಂದು ಉದಾಹರಣೆ ನೋಡಿ. ನಾಲ್ಕು ದಿನ ಮುಗಿದಾಗ ‘ಅ’ ಎಂಬ ಓಟಗಾರನ ಮೊತ್ತ 4 ಗಂಟೆ 10 ನಿಮಿಷ 20 ಸೆಕೆಂಡು, ‘ಆ’ ಎಂಬಾತನದು 4 ಗಂಟೆ 10 ನಿಮಿಷ 55 ಸೆಕೆಂಡು ಎಂದಿಟ್ಟುಕೊಳ್ಳಿ. ‘ಅ’ ಹೊರಡುವುದು 12:00:00ಕ್ಕೆ, ‘ಆ’ ಹೊರಡುವುದು 12:00:35ಕ್ಕೆ. ‘ಅ’ 62 ನಿಮಿಷ ಓಡಿ 13:02:00ಕ್ಕೆ ಮುಗಿಸಿದ. ‘ಆ’ 61 ನಿಮಿಷ 20 ಸೆಕೆಂಡು ಓಡಿ 13:01:55ಕ್ಕೆ ಗೆರೆ ದಾಟಿದ. ಐದು ದಿನದ ಹಬ್ಬ ‘ಆ’ ಪಾಲಾಯಿತು. ಕೂಡಿ ಕಳೆಯುವ ಕೆಲಸ ಅಲ್ಲಿ ಇಲ್ಲ, ಗೆರೆ ಮೊದಲು ದಾಟಿದವರೇ ಒಟ್ಟಾರೆ ವಿಜೇತರು. ನೋಡುಗರಿಗೆ ಇದಕ್ಕಿಂತ ಸುಲಭದ ಏರ್ಪಾಟು ಇನ್ನೊಂದಿಲ್ಲ.

ಇದರಲ್ಲಿ ಒಂದು ಕಠಿಣ ಮಾತೂ ಅಡಗಿದೆ. ಐದೂ ದಿನ ಲೆಕ್ಕಕ್ಕೆ ಬರುವುದರಿಂದ ಒಂದು ದಿನ ಒಂದೇ ಒಂದು ಕಂಟ್ರೋಲ್ ತಪ್ಪಿಸಿದರೂ ಒಟ್ಟು ಫಲಿತಾಂಶದಿಂದ ಹೊರಗೆ. ಸ್ಕಾಟ್ಲೆಂಡಿನ ಸಿಕ್ಸ್ ಡೇಸ್ ಹಬ್ಬದಲ್ಲಿ ಆರು ದಿನಗಳಲ್ಲಿ ಚೆನ್ನಾಗಿ ಓಡಿದ ನಾಲ್ಕನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಹಾಗಾಗಿ ಅಲ್ಲಿ ಧೈರ್ಯವಾಗಿ ಅಪಾಯದ ದಾರಿ ಹಿಡಿಯಬಹುದು. ಓ-ರಿಂಗೆನ್‌ನಲ್ಲಿ ಆ ಧೈರ್ಯಕ್ಕೆ ತೆರಬೇಕಾದ ಬೆಲೆ ಹೆಚ್ಚು. ಒಂದು ದಿನ ಅದ್ಭುತವಾಗಿ ಓಡಿ 40 ಸೆಕೆಂಡು ಗಳಿಸಿ, ಮರುದಿನ ಜೌಗಿನ ಅಂಚಿನಲ್ಲಿ ನಾಲ್ಕು ನಿಮಿಷ ಅಲೆದವರು ಮೇಲೆ ಬರುವುದಿಲ್ಲ. ನಮ್ಮ ಮಟ್ಟಿಗೆ ಬಹುದಿನದ ಎಲೀಟ್ ಓಟದ ತಿರುಳೇ ಇದು: ತಪ್ಪನ್ನು ಚಿಕ್ಕದರಲ್ಲೇ ಹಿಡಿಯುವವರು ಗೆಲ್ಲುತ್ತಾರೆ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇವೆ.

ಪ್ರಶ್ನೆ: ಎಲೀಟ್ ಓಟಗಾರರು ಕಾಡಿನಲ್ಲಿ ಒಮ್ಮೆಯೂ ನಿಲ್ಲದೆ ಓಡುತ್ತಾರೆ. ನಕ್ಷೆ ಓದುವುದು ಯಾವಾಗ? ದಾರಿ ಆರಿಸುವುದು ಅಂದಾಜಿನಿಂದಲೋ ಲೆಕ್ಕದಿಂದಲೋ?
ಓದುಗರೊಬ್ಬರು, ಹುಬ್ಬಳ್ಳಿ

ಎರಡೂ ಸೇರಿ. ಮೊದಲು ನಕ್ಷೆಯ ವಿಷಯ. ಲಾಂಗ್ ಎಂಬ ಹೆಚ್ಚು ದೂರದ ಓಟದ ನಕ್ಷೆ 1:15,000 ಪ್ರಮಾಣದ್ದು. 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 150 ಮೀಟರ್, 1 ಮಿಲಿಮೀಟರ್ ಎಂದರೆ 15 ಮೀಟರ್. ಸಮೋನ್ನತಿ ರೇಖೆಗಳು ಸಾಮಾನ್ಯವಾಗಿ 5 ಮೀಟರಿಗೊಂದು. ಉತ್ತರ ದಿಕ್ಕಿನ ಗೆರೆಗಳು ನೆಲದ ಲೆಕ್ಕದಲ್ಲಿ 300 ಮೀಟರಿಗೊಂದು, ದೂರ ಅಂದಾಜಿಸಲು ಅವು ಬಹಳ ಉಪಯೋಗ. ಬಿಳಿ ಬಣ್ಣ ಸಲೀಸಾಗಿ ಓಡಬಹುದಾದ ಕಾಡು, ಹಳದಿ ಬಯಲು, ಹಸಿರು ದಟ್ಟಣೆ. ಹಸಿರಿನಲ್ಲೂ ಮೂರು ಮೆಟ್ಟಿಲು: ತಿಳಿಹಸಿರಿನಲ್ಲಿ ಮಾಮೂಲಿ ವೇಗದ 60ರಿಂದ 80 ಶೇಕಡಾ ಸಿಗುತ್ತದೆ, ನಡುವಿನದರಲ್ಲಿ 20ರಿಂದ 60, ಗಾಢಹಸಿರಿನಲ್ಲಿ 20ಕ್ಕಿಂತ ಕಡಿಮೆ. ಬಿಳಿಯೇ ಕಾಡು ಎನ್ನುವುದು ಹೊಸಬರಿಗೆ ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಮಾಮೂಲಿ ಭೂಪಟದಲ್ಲಿ ಹಸಿರು ಕಂಡರೆ ಕಾಡು ಎಂದು ಓದಿ ರೂಢಿ.

ನಕ್ಷೆಯನ್ನು ಅಂಗೈ ಅಗಲಕ್ಕೆ ಮಡಿಸಿ, ತಾವಿರುವ ಜಾಗದ ಪಕ್ಕ ಹೆಬ್ಬೆರಳು ಒತ್ತಿ ಹಿಡಿಯುತ್ತಾರೆ. ಓಡಿದಂತೆ ಹೆಬ್ಬೆರಳೂ ಸರಿಯುತ್ತದೆ. ದಿಕ್ಸೂಚಿಯನ್ನು ಅದೇ ಹೆಬ್ಬೆರಳಿಗೆ ಕಟ್ಟಿಕೊಳ್ಳುವುದರಿಂದ ಒಂದೇ ನೋಟದಲ್ಲಿ ಎರಡೂ ಸಿಗುತ್ತವೆ. ಮುಳ್ಳಿಗೆ ಸರಿಯಾಗಿ ನಕ್ಷೆಯ ಉತ್ತರವನ್ನು ತಿರುಗಿಸಿದರೆ ನಕ್ಷೆಯಲ್ಲಿ ಎಡಕ್ಕಿರುವುದು ನೆಲದಲ್ಲೂ ಎಡಕ್ಕೇ ಇರುತ್ತದೆ. ಓದುವ ಕೆಲಸ ಸುಲಭದ ಜಾಗದಲ್ಲಿ ನಡೆಯುತ್ತದೆ: ಕಾಲುದಾರಿಯಲ್ಲಿ, ಏರು ಹತ್ತುವಾಗ, ಬಯಲು ದಾಟುವಾಗ. ಕಂಟ್ರೋಲ್ ಮುಟ್ಟುವ ಹೊತ್ತಿಗೆ ಮುಂದಿನ ಲೆಗ್ಗಿನ ದಾರಿ ತಲೆಯಲ್ಲಿ ಸಿದ್ಧವಾಗಿರಬೇಕು. ಪಂಚ್ ಮಾಡಿದ (ಕಂಟ್ರೋಲ್ ಮುಟ್ಟಿದ್ದನ್ನು ದಾಖಲಿಸಿದ) ಮೇಲೆ ನಿಂತು ಯೋಚಿಸಿದರೆ ಕಂಟ್ರೋಲಿಗೆ 10 ಸೆಕೆಂಡಿನಂತೆ 25 ಕಂಟ್ರೋಲಿಗೆ 4 ನಿಮಿಷ ಹೋಯಿತು.

ದಾರಿ ಆರಿಸುವಾಗ ಒಂದು ಹಳೆಯ ಅಳತೆ ಕೆಲಸಕ್ಕೆ ಬರುತ್ತದೆ. 1 ಮೀಟರ್ ಏರು ಸುಮಾರು 8 ಮೀಟರ್ ಸಮನೆಲಕ್ಕೆ ಸಮ. ಒಂದು ಲೆಗ್ ಹೀಗಿದೆ ಎನ್ನಿ: ನೇರ ಹೋದರೆ 900 ಮೀಟರ್ ಕಾಡು, 40 ಮೀಟರ್ ಏರು. ಸುತ್ತು ಹೋದರೆ 1,100 ಮೀಟರ್ ಕಾಲುದಾರಿ, 20 ಮೀಟರ್ ಏರು, ಕೊನೆಗೆ 200 ಮೀಟರ್ ಕಾಡು. ಕಾಡಿನಲ್ಲಿ ಕಿಲೋಮೀಟರಿಗೆ 6 ನಿಮಿಷ, ದಾರಿಯಲ್ಲಿ 4 ನಿಮಿಷ ಎಂದಿಟ್ಟುಕೊಂಡರೆ ನೇರ ದಾರಿ 900ಕ್ಕೆ 320 ಸೇರಿ 1,220 ಮೀಟರಿಗೆ ಸಮ, ಅಂದರೆ 7 ನಿಮಿಷ 19 ಸೆಕೆಂಡು. ಸುತ್ತುದಾರಿ 1,100ಕ್ಕೆ 160 ಸೇರಿ 1,260 ಮೀಟರಿಗೆ 5 ನಿಮಿಷ 2 ಸೆಕೆಂಡು, ಕಾಡಿನ 200 ಮೀಟರಿಗೆ 1 ನಿಮಿಷ 12 ಸೆಕೆಂಡು, ಒಟ್ಟು 6 ನಿಮಿಷ 14 ಸೆಕೆಂಡು. ಸುತ್ತುದಾರಿಯೇ ಒಂದು ನಿಮಿಷಕ್ಕೂ ಮಿಕ್ಕಿ ಬೇಗ. ಆದರೆ ಕಾಲುದಾರಿಯ ಭಾಗ 1,400 ಮೀಟರ್ ಇದ್ದಿದ್ದರೆ ಎರಡೂ ಹತ್ತಿರ ಹತ್ತಿರ ಸಮ. ಹಾಗೆ ಸಮವಾದಾಗ ಮೊದಲ ದಿನ ಯಾವುದನ್ನು ಹಿಡಿದರೂ ನಡೆಯುತ್ತದೆ. ನಾಲ್ಕನೇ ದಿನ ಕಾಲುದಾರಿ ಹಿಡಿಯುವುದೇ ಜಾಣತನ: ಕಾಲಿಗೆ ಪೆಟ್ಟು ಕಡಿಮೆ, ದಾರಿ ತಪ್ಪುವ ಭಯ ಕಡಿಮೆ, ಮುಂದಿನ ಲೆಗ್ ಓದಿಕೊಳ್ಳಲು ಹೊತ್ತೂ ಸಿಗುತ್ತದೆ.

ಓಡುತ್ತಾ ಯಾರೂ ಈ ಗುಣಾಕಾರ ಮಾಡುವುದಿಲ್ಲ. ಮನೆಯಲ್ಲಿ ಹಳೆಯ ನಕ್ಷೆಗಳ ಮೇಲೆ ಇದೇ ಲೆಕ್ಕವನ್ನು ಪದೇ ಪದೇ ಮಾಡಿ ಕಣ್ಣಿಗೆ ಅಭ್ಯಾಸ ಮಾಡಿಸಿರುತ್ತಾರೆ. ಕಾಡಿನಲ್ಲಿ ಎರಡು ಸೆಕೆಂಡಿನಲ್ಲಿ ಉತ್ತರ ಹೊಳೆಯುವುದು ಆ ಅಭ್ಯಾಸದಿಂದ.

ಪ್ರಶ್ನೆ: ಇಷ್ಟು ಪಳಗಿದವರೂ ದಾರಿ ತಪ್ಪುತ್ತಾರಲ್ಲ, ಯಾಕೆ? ತಪ್ಪಿದ ಮೇಲೆ ಏನು ಮಾಡುತ್ತಾರೆ?
ಓದುಗರೊಬ್ಬರು, ಸಿರಸಿ

ತಪ್ಪುಗಳು ಹೆಚ್ಚಾಗಿ ನಡೆಯುವುದು ಎರಡು ಜಾಗದಲ್ಲಿ: ಕಂಟ್ರೋಲಿನಿಂದ ಹೊರಡುವ ಮೊದಲ 50 ಮೀಟರ್, ಕಂಟ್ರೋಲಿಗೆ ಸೇರುವ ಕೊನೆಯ 150 ಮೀಟರ್.

ಹೊರಡುವಾಗಿನ ತಪ್ಪು ಅವಸರದ್ದು. ಬೇರೆಯವರು ಯಾವ ಕಡೆ ಓಡಿದರೋ ಆ ಕಡೆಗೇ ಕಾಲು ಎಳೆಯುತ್ತದೆ. ಪಂಚ್ ಆದ ಕೂಡಲೇ ಮುಳ್ಳು ನೋಡಿ, ದಿಕ್ಕು ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು ಹೊರಡುವುದು ಇದಕ್ಕೆ ಮದ್ದು. ಒಂದು ಸೆಕೆಂಡಿನ ಕೆಲಸ.

ಸೇರುವಾಗಿನ ತಪ್ಪು ಇನ್ನೂ ಸೂಕ್ಷ್ಮ. ಸ್ವೀಡನ್ನಿನ ಕಾಡುನೆಲದ ತುಂಬಾ ಪುಟ್ಟ ದಿಬ್ಬಗಳು, ತಗ್ಗುಗಳು, ಬಂಡೆಗಳು, ಜೌಗುಗಳು. ಒಂದರಂತೆ ಇನ್ನೊಂದು. 100 ಮೀಟರ್ ಅಂತರದಲ್ಲಿ ಒಂದೇ ಆಕಾರದ ಎರಡು ದಿಬ್ಬ ಇದ್ದರೆ ಓಟಗಾರ ಎಡದ ದಿಬ್ಬದಲ್ಲಿ ನಿಂತು ಬಲದ ದಿಬ್ಬದಲ್ಲಿದ್ದೇನೆ ಎಂದುಕೊಳ್ಳುತ್ತಾನೆ. ಇದನ್ನು ಪ್ಯಾರಲಲ್ ಎರರ್ ಎನ್ನುತ್ತಾರೆ. ಇದು ಕೆಟ್ಟದ್ದಾಗುವುದು ಒಂದು ಕಾರಣಕ್ಕೆ: ಸುತ್ತಲ ನೆಲ ನಕ್ಷೆಗೆ ಅರ್ಧಂಬರ್ಧ ಹೊಂದುತ್ತದೆ, ಮನಸ್ಸು ಉಳಿದರ್ಧವನ್ನು ಬಲವಂತವಾಗಿ ಹೊಂದಿಸಿಬಿಡುತ್ತದೆ. ‘ಇಲ್ಲೊಂದು ಸಣ್ಣ ಜೌಗು ಇರಬೇಕಿತ್ತು, ಬೇಸಿಗೆ ಅಲ್ಲವೇ, ಒಣಗಿರಬಹುದು’ ಎಂದು ಸಮಾಧಾನ ಹೇಳಿಕೊಂಡ ಆ ಗಳಿಗೆಯೇ ತಪ್ಪು ಬೆಳೆಯುವ ಗಳಿಗೆ. ಒಳ್ಳೆಯ ಓಟಗಾರರು ಒಂದು ಗುರುತು ಹೊಂದದಿದ್ದರೆ ಅನುಮಾನಿಸುತ್ತಾರೆ, ಎರಡು ಹೊಂದದಿದ್ದರೆ ನಿಲ್ಲುತ್ತಾರೆ.

ಇದನ್ನು ತಡೆಯಲು ಅಟ್ಯಾಕ್ ಪಾಯಿಂಟ್ ಇಟ್ಟುಕೊಳ್ಳಬೇಕು. ಕಂಟ್ರೋಲಿನಿಂದ 100–200 ಮೀಟರಿನೊಳಗೆ, ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದಂಥ ಒಂದು ಗುರುತು: ದಾರಿಯ ತಿರುವು, ದೊಡ್ಡ ಜೌಗಿನ ಮೂಲೆ, ಬೇಲಿ ಸೇರುವ ಜಾಗ. ಅಲ್ಲಿಯವರೆಗೆ ಪೂರ್ತಿ ವೇಗ. ಅಲ್ಲಿಂದ ವೇಗ ಇಳಿಸಿ ದಿಕ್ಸೂಚಿಯ ದಿಕ್ಕು ಕಟ್ಟುನಿಟ್ಟಾಗಿ ಹಿಡಿದು, ಹೆಜ್ಜೆ ಎಣಿಸುತ್ತಾ ಹೋಗುವುದು. ಜೊತೆಗೆ ಕಂಟ್ರೋಲಿನ ಆಚೆ ಬದಿಯಲ್ಲಿ ‘ಇದು ಸಿಕ್ಕರೆ ಮುಂದೆ ಬಂದುಬಿಟ್ಟೆ’ ಎಂದು ತಿಳಿಸುವ ಒಂದು ಗೆರೆಯನ್ನೂ, ಹಳ್ಳವೋ ದಾರಿಯೋ ಏನಾದರೊಂದನ್ನು, ಮೊದಲೇ ನೋಡಿಟ್ಟುಕೊಂಡಿರಬೇಕು.

ತಪ್ಪಿದ ಮೇಲೆ ಮಾಡಬೇಕಾದ್ದು ಇಷ್ಟು. ನಿಲ್ಲಿ. ನಕ್ಷೆಯನ್ನು ಉತ್ತರಕ್ಕೆ ಸರಿಮಾಡಿ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದು, ಅಲ್ಲಿಂದ ಎಷ್ಟು ನಿಮಿಷ ಯಾವ ದಿಕ್ಕಿಗೆ ಓಡಿದಿರಿ ಎಂದು ನೆನೆಯಿರಿ. ಒಂದೂವರೆ ನಿಮಿಷ ಎಂದರೆ ಕಾಡಿನಲ್ಲಿ ಹೆಚ್ಚೆಂದರೆ 250 ಮೀಟರ್, ಆ ಸುತ್ತಳತೆಯ ಹೊರಗೆ ನೀವಿರಲು ಸಾಧ್ಯವಿಲ್ಲ. ಸಣ್ಣ ಗುರುತುಗಳನ್ನು ಬಿಟ್ಟು ದೊಡ್ಡದನ್ನು ಹುಡುಕಿ: ಇಳಿಜಾರು ಯಾವ ಕಡೆಗೆ, ಬಯಲು ಎಲ್ಲಿ ಕಾಣುತ್ತದೆ. 20 ಸೆಕೆಂಡಿನಲ್ಲಿ ಗೊತ್ತಾಗದಿದ್ದರೆ ಹತ್ತಿರದ ಖಚಿತ ಗುರುತಿಗೆ ಓಡಿ, ಅಲ್ಲಿಂದ ಹೊಸದಾಗಿ ಬನ್ನಿ. ಅದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಇದನ್ನು ಮಾಡಲು ಮನಸ್ಸು ಒಪ್ಪದೆ ‘ಇಲ್ಲೇ ಎಲ್ಲೋ ಇದೆ’ ಎಂದು ಸುತ್ತು ಹಾಕುವವರು ನಾಲ್ಕೈದು ನಿಮಿಷ ಕಳೆದುಕೊಳ್ಳುತ್ತಾರೆ. ಮುಂದಿನ ಲೆಗ್ಗಿನಲ್ಲಿ ಆ ಸಮಯ ವಾಪಸು ಗಳಿಸಹೊರಟು ಎರಡನೇ ತಪ್ಪು ಮಾಡುತ್ತಾರೆ. ಆ ಎರಡನೆಯದೇ ಹೆಚ್ಚು ದುಬಾರಿ. ತಪ್ಪಾದ ನಂತರದ ಕಂಟ್ರೋಲಿಗೆ ಬೇಕೆಂದೇ ನಿಧಾನವಾಗಿ, ಸುರಕ್ಷಿತ ದಾರಿಯಲ್ಲಿ ಹೋಗಬೇಕು.

ಪ್ರಶ್ನೆ: ಇಲ್ಲಿ ಕೊನೆಯ ದಿನ ನೋಡಲು ಹೋಗಿದ್ದೆವು. ಹಿಂದೆ ಹೊರಟವರು ಮುಂದಿನವರನ್ನು ಹಿಡಿದು ಬೆನ್ನಿಗೇ ಓಡುತ್ತಿದ್ದರು. ಬೇರೆಯವರ ಹಿಂದೆ ಓಡುವುದು ನಿಯಮಕ್ಕೆ ವಿರುದ್ಧ ಅಲ್ಲವೇ?
ಕನ್ನಡಿಗರೊಬ್ಬರು, ಗೋಥೆನ್‌ಬರ್ಗ್, ಸ್ವೀಡನ್

ಓಟದ ಬಗೆಯನ್ನು ನೋಡಬೇಕು. ಒಬ್ಬೊಬ್ಬರನ್ನೇ ಎರಡು-ಮೂರು ನಿಮಿಷದ ಅಂತರದಲ್ಲಿ ಬಿಡುವ ಓಟದಲ್ಲಿ ಪ್ರತಿಯೊಬ್ಬರೂ ಸ್ವಂತವಾಗಿ ದಾರಿ ಹುಡುಕಬೇಕು, ಇನ್ನೊಬ್ಬರ ಬೆನ್ನು ಹಿಡಿಯುವುದು ನಿಯಮಕ್ಕೆ ವಿರುದ್ಧ. ಚೇಸಿಂಗ್ ಸ್ಟಾರ್ಟ್‌ನಲ್ಲಿ, ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್‌ನಲ್ಲಿ, ರಿಲೇಯಲ್ಲಿ ಎದುರಾಬದುರು ಓಡುವುದೇ ಆಟ. ನೀವು ನೋಡಿದ್ದರಲ್ಲಿ ತಪ್ಪೇನೂ ಇಲ್ಲ.

ಗುಂಪನ್ನು ಒಡೆಯಲು ಕೋರ್ಸ್ ಹಾಕುವವರ ಬಳಿ ಉಪಾಯಗಳಿವೆ. ಬಟರ್‌ಫ್ಲೈ ಲೂಪ್ ಅವುಗಳಲ್ಲೊಂದು. ನಡುವಿನ ಒಂದು ಕಂಟ್ರೋಲಿನ ಎರಡೂ ಬದಿಗೆ ಎರಡು ಸುತ್ತು ಇರುತ್ತದೆ. ಕೆಲವರ ನಕ್ಷೆಯಲ್ಲಿ ಎಡದ ಸುತ್ತು ಮೊದಲು, ಕೆಲವರದರಲ್ಲಿ ಬಲದ್ದು. ಕೊನೆಗೆ ಎಲ್ಲರೂ ಅಷ್ಟೇ ಓಡಿರುತ್ತಾರೆ, ಆದರೆ ಮುಂದಿನವರ ಬೆನ್ನನ್ನೇ ನಂಬಿದವರು ಬೇರೆ ಸುತ್ತಿನ ಕಂಟ್ರೋಲಿಗೆ ಹೋಗಿ ನಿಲ್ಲುತ್ತಾರೆ.

ಬೆನ್ನು ಹಿಡಿಯುವುದರಲ್ಲಿ ಲಾಭವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕಣ್ಣಿಗೆ ಕಾಣುವ ಒಬ್ಬರ ಹಿಂದೆ ಓಡುವಾಗ ವೇಗ ತಾನಾಗಿ ಏರುತ್ತದೆ. ಆದರೆ ಹೆಬ್ಬೆರಳು ನಕ್ಷೆಯ ಮೇಲೆ ಸರಿಯುತ್ತಲೇ ಇರಬೇಕು. ಅದು ನಿಂತಿತೋ, ಮುಂದಿನವರು ತಪ್ಪಿದಾಗ ಇಬ್ಬರೂ ಕಳೆದುಹೋಗುತ್ತಾರೆ. ಅದರಲ್ಲೂ ಹಿಂದಿನವರಿಗೆ ತಾವು ಎಲ್ಲಿ ಕಳೆದುಹೋದೆವು ಎನ್ನುವುದೂ ಗೊತ್ತಿರುವುದಿಲ್ಲ. ಮುಂದೆ ಓಡುವವರಿಗೆ ನಮ್ಮ ಸಲಹೆ: ಹಿಂದಿನ ಹೆಜ್ಜೆ ಸದ್ದು ಕೇಳಿದಾಗ ವೇಗ ಹೆಚ್ಚಿಸಬೇಡಿ. ಅಂತರ ಕರಗಿದ್ದು ಕರಗಿತು. ಕೊನೆಯ ಮೂರ್ನಾಲ್ಕು ಕಂಟ್ರೋಲುಗಳಿಗೆ ಉಸಿರು ಉಳಿಸಿಕೊಳ್ಳಿ, ಅಲ್ಲಿ ಲೆಗ್ಗುಗಳು ಚಿಕ್ಕವು, ಒಮ್ಮೆ ಸಿಕ್ಕ ಹತ್ತು ಮೀಟರ್ ಮುನ್ನಡೆಯನ್ನು ಹಿಂದಿನವರು ಹಿಡಿಯಲು ಜಾಗವೇ ಇರುವುದಿಲ್ಲ.

ಪ್ರಶ್ನೆ: ಓಟಗಾರರ ತೋಳಿನ ಮೇಲೆ ಚೌಕಚೌಕದ ಚಿಹ್ನೆಗಳಿರುವ ಒಂದು ಚೀಟಿ ಇರುತ್ತದೆ. ಅದೇನು?
ಓದುಗರೊಬ್ಬರು, ಉಡುಪಿ

ಕಂಟ್ರೋಲ್ ಡಿಸ್ಕ್ರಿಪ್ಷನ್. ಎಲ್ಲ ದೇಶಕ್ಕೂ ಒಂದೇ ಚಿಹ್ನೆಗಳು, ಭಾಷೆ ಬೇಕಿಲ್ಲ. ಒಂದು ಸಾಲಿನಲ್ಲಿ ಎಂಟು ಮನೆ. ಎಡದಿಂದ: ಎಷ್ಟನೇ ಕಂಟ್ರೋಲ್, ಅದರ ಕೋಡ್ ಸಂಖ್ಯೆ, ಒಂದೇ ಬಗೆಯವು ಹಲವಿದ್ದರೆ ಯಾವುದು, ಗುರುತು ಏನು, ಅದರ ಸ್ವಭಾವ, ಅಳತೆ, ಕಂಟ್ರೋಲಿನ ಬಾವುಟ ಅದರ ಯಾವ ಬದಿಗಿದೆ, ಬೇರೆ ಮಾಹಿತಿ. ‘7, 143, ಉತ್ತರದ್ದು, ಬಂಡೆ, 1.5, ಈಶಾನ್ಯ ಬದಿ’ ಎಂದು ಓದಿದರೆ ಏಳನೇ ಕಂಟ್ರೋಲ್ ಎರಡು ಬಂಡೆಗಳಲ್ಲಿ ಉತ್ತರದ, ಒಂದೂವರೆ ಮೀಟರ್ ಎತ್ತರದ ಬಂಡೆಯ ಈಶಾನ್ಯಕ್ಕಿದೆ, ಅಲ್ಲಿನ ಕೋಡ್ 143 ಎಂದರ್ಥ. ನಕ್ಷೆಯ ಮೇಲೆ ಕಂಟ್ರೋಲನ್ನು ತೋರಿಸುವ ವೃತ್ತದ ಅಗಲ 1:15,000ದಲ್ಲಿ ನೆಲದ ಮೇಲೆ 75 ಮೀಟರ್ ಆಗುತ್ತದೆ. ಅಷ್ಟರೊಳಗೆ ನಾಲ್ಕು ಬಂಡೆ ಇರಬಹುದು. ಬಂಡೆಯ ಹಿಂಬದಿಯ ಬಾವುಟ ಮುಂಬದಿಯಿಂದ ಕಾಣುವುದೂ ಇಲ್ಲ. ಹಾಗಾಗಿ ಚೀಟಿ ಓದಿ ಬಂದವರು ಬಂಡೆಯನ್ನು ಯಾವ ಕಡೆಯಿಂದ ಬಳಸಬೇಕೆಂದು ದೂರದಿಂದಲೇ ನಿರ್ಧರಿಸಿರುತ್ತಾರೆ.

ಪ್ರಶ್ನೆ: ಕಂಟ್ರೋಲ್ ಮುಟ್ಟಿದ್ದಕ್ಕೆ ಸಾಕ್ಷಿ ಏನು? ಯಂತ್ರ ಕೈಕೊಟ್ಟರೆ?
ಓದುಗರೊಬ್ಬರು, ದಾವಣಗೆರೆ

ಕಿತ್ತಳೆ-ಬಿಳಿ ಬಾವುಟದ ಪಕ್ಕ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತದೆ. ಬಾವುಟದ ಒಂದೊಂದು ಬದಿಯೂ 30 ಸೆಂಟಿಮೀಟರ್ ಚೌಕ. ಓಟಗಾರರ ಬೆರಳಿಗೆ ಕಟ್ಟಿದ ಚಿಪ್ ಅದನ್ನು ಮುಟ್ಟಿದಾಗ ಕೋಡ್ ಮತ್ತು ಗಳಿಗೆ ದಾಖಲಾಗುತ್ತದೆ. ಸ್ಪೋರ್ಟ್‌ಐಡೆಂಟ್ ವ್ಯವಸ್ಥೆಯ ಮುಟ್ಟದೆಯೇ ಕೆಲಸ ಮಾಡುವ ಚಿಪ್ಪನ್ನು ಎಲೀಟ್ ಓಟಗಳಲ್ಲಿ ಬಳಸುತ್ತಾರೆ. ಪೆಟ್ಟಿಗೆಯ ಹತ್ತಿರ ಕೈ ಚಾಚಿದರೆ ಸಾಕು, ಚಿಪ್ ಮಿನುಗಿ ಪೀಪ್ ಎನ್ನುತ್ತದೆ.

ಇದರಲ್ಲಿ ತಪ್ಪುವ ಹಂತಗಳು ನಿರ್ದಿಷ್ಟ. ಹೊರಡುವ ಮುನ್ನ ‘ಕ್ಲಿಯರ್’ ಪೆಟ್ಟಿಗೆಯಲ್ಲಿ ಹಳೆಯ ದಾಖಲೆ ಅಳಿಸಬೇಕು, ನಂತರ ‘ಚೆಕ್’ ಪೆಟ್ಟಿಗೆಯಲ್ಲಿ ನೋಡಬೇಕು. ಮುಟ್ಟದ ಚಿಪ್ ಜೀವ ಪಡೆಯುವುದೇ ಚೆಕ್‌ನಲ್ಲಿ. ಅದನ್ನು ಬಿಟ್ಟು ಹೊರಟರೆ ಮೊದಲ ಕಂಟ್ರೋಲಿನಲ್ಲಿ ಸದ್ದೇ ಬರುವುದಿಲ್ಲ. ಹಾಗಾದರೆ ಗಾಬರಿ ಬೇಡ, ಚಿಪ್ಪನ್ನು ಪೆಟ್ಟಿಗೆಯ ತೂತಿನೊಳಗೆ ತೂರಿಸಿದರೆ ಹಳೆಯ ರೀತಿಯಲ್ಲಿ ದಾಖಲಾಗುತ್ತದೆ. ಅದೂ ಆಗದಿದ್ದರೆ ಕಂಬಕ್ಕೆ ಕಟ್ಟಿರುವ ಮುಳ್ಳಿನ ಪಂಚ್‌ನಿಂದ ನಕ್ಷೆಯ ಅಂಚಿನಲ್ಲಿ ತೂತು ಒತ್ತಬೇಕು. ಸಾಕ್ಷಿ ಇಲ್ಲದೆ ಮುಂದೆ ಓಡಿದರೆ ದೂರು ನಿಲ್ಲುವುದಿಲ್ಲ. ಕ್ರಮ ತಪ್ಪಿ ಪಂಚ್ ಆಗಿದ್ದರೆ, ಮಧ್ಯದಲ್ಲೇ ಗೊತ್ತಾದರೆ, ಬಿಟ್ಟ ಕಂಟ್ರೋಲಿಗೆ ಹಿಂತಿರುಗಿ ಅಲ್ಲಿಂದ ಮತ್ತೆ ಕ್ರಮವಾಗಿ ಎಲ್ಲವನ್ನೂ ಪಂಚ್ ಮಾಡಬೇಕು. ಸಾವಿರಾರು ಮಂದಿ ಓಡುವ ಹಬ್ಬದಲ್ಲಿ ಕಾಡಿನ ತುಂಬಾ ಬೇರೆ ವರ್ಗಗಳ ಬಾವುಟಗಳಿರುತ್ತವೆ, ಕೆಲವು 40–50 ಮೀಟರ್ ದೂರದಲ್ಲೇ. ಬಾವುಟ ಕಂಡ ಸಂತೋಷಕ್ಕೆ ಪಂಚ್ ಮಾಡಬಾರದು. ಪೆಟ್ಟಿಗೆಯ ಮೇಲಿನ ಸಂಖ್ಯೆ ಓದಿ, ಚೀಟಿಗೆ ತಾಳೆ ನೋಡಿ, ಆಮೇಲೆ ಪಂಚ್.

ಪ್ರಶ್ನೆ: ಒಂದು ದಿನದ ಓಟಕ್ಕೂ ಐದು ದಿನದ್ದಕ್ಕೂ ತಯಾರಿಯಲ್ಲಿ ಏನು ವ್ಯತ್ಯಾಸ? ಸಂಜೆ ಹೊತ್ತು ಏನು ಮಾಡುತ್ತಾರೆ?
ಓದುಗರೊಬ್ಬರು, ಮಂಗಳೂರು

ಓಟ ಮುಗಿದ ಮೊದಲ ಅರ್ಧ ಗಂಟೆ ಬಹಳ ಮುಖ್ಯ. ಮರುದಿನವೇ ಮತ್ತೆ ಓಡಬೇಕಿರುವಾಗ ದೇಹದ ತೂಕದ ಪ್ರತಿ ಕಿಲೋಗೆ ಗಂಟೆಗೆ 1ರಿಂದ 1.2 ಗ್ರಾಂ ಕಾರ್ಬೋಹೈಡ್ರೇಟನ್ನು ಮೊದಲ ನಾಲ್ಕು ಗಂಟೆ ತೆಗೆದುಕೊಳ್ಳುವುದು ಕ್ರೀಡಾ ಆಹಾರದ ಮಾಮೂಲಿ ಸಲಹೆ. 60 ಕಿಲೋ ತೂಗುವವರಿಗೆ ಗಂಟೆಗೆ 60–70 ಗ್ರಾಂ. ಎರಡು ದೊಡ್ಡ ಬಾಳೆಹಣ್ಣಿನಿಂದ ಅದು ಹೆಚ್ಚುಕಡಿಮೆ ಪೂರೈಸುತ್ತದೆ. ಜೊತೆಗೆ 20–25 ಗ್ರಾಂ ಪ್ರೊಟೀನ್. ಹಸಿವಾದಾಗ ನೋಡೋಣ ಎಂದು ಬಿಟ್ಟವರಿಗೆ ಮೂರನೇ ದಿನ ಏರಿನಲ್ಲಿ ಕಾಲು ಏಳುವುದಿಲ್ಲ. ಹೊಟ್ಟೆ ಖಾಲಿಯಾದಾಗ ಮೊದಲು ಮಂಕಾಗುವುದು ನಕ್ಷೆ ಓದುವ ಬುದ್ಧಿ, ಕಾಲು ಸೋಲುವುದು ಅದರ ನಂತರ.

ಆಮೇಲೆ ಪಾದ. ಮುಳ್ಳಿನ ಅಡಿಯ ಬೂಟು ಜೌಗಿನಲ್ಲಿ ನೆನೆದಿರುತ್ತದೆ. ಒಳಅಡಿ ತೆಗೆದು, ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆ ಬಿಟ್ಟು ಕಾಗದ ಬದಲಿಸಿದರೆ ಬೆಳಿಗ್ಗೆಗೆ ತಕ್ಕಮಟ್ಟಿಗೆ ಒಣಗುತ್ತದೆ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಎರಡು ಜೊತೆ ಬೂಟು ಇದ್ದರೆ ದಿನ ಬಿಟ್ಟು ದಿನ ಹಾಕಬಹುದು. ಬೊಬ್ಬೆ ಬರುವ ಜಾಗಕ್ಕೆ ಬರುವ ಮೊದಲೇ ಟೇಪ್ ಹಚ್ಚಬೇಕು, ಬಂದ ಮೇಲೆ ಹಚ್ಚಿದ ಟೇಪು ಓಡುವಾಗ ಸುಲಿದುಬರುತ್ತದೆ.

ಮೈ ಒರೆಸುವಾಗ ಉಣ್ಣಿ ಹುಡುಕುವುದನ್ನು ಮರೆಯಬಾರದು. ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ: ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದು. ಸ್ವೀಡನ್ನಿನ ಉಣ್ಣಿ ತರುವ ಮಿದುಳಿನ ಜ್ವರದ ವೈರಸ್ಸೂ ಅದೇ ಕುಟುಂಬದ್ದು. ಅದಕ್ಕೆ ಲಸಿಕೆ ಇದೆ. ಒಂದು ಡೋಸಿಗೆ ಮುಗಿಯುವುದಿಲ್ಲವಾದ್ದರಿಂದ ಹೋಗುವವರು ತಿಂಗಳುಗಳ ಮುಂಚೆಯೇ ವೈದ್ಯರನ್ನು ಕಾಣಬೇಕು. ಅದೇ ಉಣ್ಣಿ ತರುವ ಲೈಮ್ ಕಾಯಿಲೆಯನ್ನು ಈ ಲಸಿಕೆ ತಡೆಯುವುದಿಲ್ಲ. ಕಚ್ಚಿದ ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ಅಂಟಿಕೊಂಡಂತೆ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಮುಂದಿನ ದಿನಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ಬಳೆ ಹರಡುತ್ತಾ ಹೋದರೆ ವೈದ್ಯರಿಗೆ ತೋರಿಸಬೇಕು.

ಸಂಜೆಯ ಇನ್ನೊಂದು ಕೆಲಸ ಸ್ಪ್ಲಿಟ್ ನೋಡುವುದು. ಪ್ರತಿ ಲೆಗ್ಗಿಗೆ ಪ್ರತಿಯೊಬ್ಬರೂ ತೆಗೆದುಕೊಂಡ ಸಮಯ ಸಿಗುತ್ತದೆ. ವೇಗದವರ ಸಮಯದ ಜೊತೆ ಹೋಲಿಸಿ ತಾವು ಎಲ್ಲಿ 15 ಸೆಕೆಂಡಿಗಿಂತ ಹೆಚ್ಚು ಕಳೆದುಕೊಂಡೆವು ಎಂದು ಗುರುತು ಹಾಕುತ್ತಾರೆ, ಪಕ್ಕದಲ್ಲಿ ಕಾರಣ ಬರೆಯುತ್ತಾರೆ: ದಾರಿ ಆಯ್ಕೆ, ದಿಕ್ಕು, ಕೊನೆಯ 100 ಮೀಟರ್, ದಣಿವು. ಒಂದೇ ಕಾರಣ ಎರಡು ದಿನ ಬಂದರೆ ಮರುದಿನಕ್ಕೆ ಅದೊಂದನ್ನೇ ನೆನಪಿಟ್ಟುಕೊಂಡು ಹೊರಡುವುದು. ಒಂದು ಗಂಟೆಗಿಂತ ಹೆಚ್ಚು ಇದರ ಮೇಲೆ ಕೂರಬಾರದು, ಆ ಹೊತ್ತು ನಿದ್ದೆಗೆ ಸೇರಬೇಕಾದದ್ದು.

ಪ್ರಶ್ನೆ: ಹಬ್ಬದ ನಡುವೆ ಊರೊಳಗೆ ಸ್ಪ್ರಿಂಟ್ ಓಟವೂ ಇರುತ್ತದಂತೆ. ಊರಿನಲ್ಲಿ ದಾರಿ ಹುಡುಕುವುದು ಸುಲಭ ತಾನೇ?
ಓದುಗರೊಬ್ಬರು, ತುಮಕೂರು

ಸುಲಭ, ಆದರೆ ಹೊತ್ತು ಇರುವುದಿಲ್ಲ. ಗೆಲ್ಲುವವರು 12–15 ನಿಮಿಷದಲ್ಲಿ ಮುಗಿಸುತ್ತಾರೆ, ನಕ್ಷೆ 1:4,000. ತಪ್ಪು ದಾರಿಗೆ ಐದು ಸೆಕೆಂಡು ಹೋದರೂ ಸ್ಥಾನ ಇಳಿಯುತ್ತದೆ. ಇಲ್ಲಿ ಜನ ಅನರ್ಹರಾಗುವುದು ನಿಷೇಧ ದಾಟಿ: ದಪ್ಪ ಕಪ್ಪು ಗೆರೆಯ ಗೋಡೆ ಮೊಣಕಾಲೆತ್ತರ ಇದ್ದರೂ ದಾಟುವಂತಿಲ್ಲ, ಆಲಿವ್ ಹಸಿರು ಬಣ್ಣದ ಹೂದೋಟದೊಳಗೆ ಕಾಲಿಡುವಂತಿಲ್ಲ. ನೆಲದಲ್ಲಿ ದಾಟಬಹುದೇ ಎಂಬುದು ಪ್ರಶ್ನೆಯಲ್ಲ, ನಕ್ಷೆ ಏನು ಹೇಳುತ್ತದೋ ಅದೇ ಕಾನೂನು.

ಪ್ರಶ್ನೆ: ಕರ್ನಾಟಕದಲ್ಲಿದ್ದುಕೊಂಡು ಇದನ್ನು ಅಭ್ಯಾಸ ಮಾಡಬಹುದೇ? ಇಲ್ಲಿ ಕೊಂಡ ದಿಕ್ಸೂಚಿ ಅಲ್ಲಿ ನಡೆಯುತ್ತದೆಯೇ?
ಕಾಲೇಜು ವಿದ್ಯಾರ್ಥಿನಿಯೊಬ್ಬರು, ಮೈಸೂರು

ಅಭ್ಯಾಸ ಖಂಡಿತ ಮಾಡಬಹುದು. ಸ್ವೀಡನ್ನಿನಲ್ಲಿ ಯಾರ ಕಾಡಿನಲ್ಲೂ ನಡೆದಾಡುವ ಹಕ್ಕು ಎಲ್ಲರಿಗೂ ಇದೆ. ಇಲ್ಲಿ ಮೀಸಲು ಅರಣ್ಯಕ್ಕೆ ಅನುಮತಿ ಬೇಕು, ಆನೆ-ಚಿರತೆಗಳ ಮಾತೂ ಇದೆ. ಹಾಗಾಗಿ ದೊಡ್ಡ ಕಾಲೇಜು ಆವರಣದಿಂದ ಶುರುಮಾಡಿ. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆ ಇದಕ್ಕೆ ಸಾಲದು, 20 ಮೀಟರಿಗೊಂದು ಸಮೋನ್ನತಿ ರೇಖೆಯಲ್ಲಿ ಸಣ್ಣ ದಿಬ್ಬ ಕಾಣುವುದೇ ಇಲ್ಲ. ಓಪನ್ ಓರಿಯೆಂಟಿಯರಿಂಗ್ ಮ್ಯಾಪರ್ ಎಂಬ ಉಚಿತ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು, ನಡೆದು ತಿದ್ದಿ, ನಿಮ್ಮ ಆವರಣದ 1:4,000 ನಕ್ಷೆಯನ್ನು ನೀವೇ ಮಾಡಿಕೊಳ್ಳಿ. ನಕ್ಷೆ ಬರೆದವರಷ್ಟು ಚೆನ್ನಾಗಿ ನಕ್ಷೆ ಓದುವುದು ಬೇರಾರಿಗೂ ಬರುವುದಿಲ್ಲ.

ಜೊತೆಗೆ 100 ಮೀಟರ್ ಅಳೆದು ಎಡಗಾಲು ಎಷ್ಟು ಸಲ ನೆಲಕ್ಕೆ ಬೀಳುತ್ತದೆ ಎಂದು ಎಣಿಸಿ. ನಡೆದರೆ 60–65, ಓಡಿದರೆ 35–45 ಬರಬಹುದು. ದಾರಿ, ಹುಲ್ಲು, ಏರು ಮೂರಕ್ಕೂ ಬೇರೆ ಬೇರೆ ಎಣಿಸಿ ಬರೆದಿಟ್ಟುಕೊಳ್ಳಿ.

ದಿಕ್ಸೂಚಿಯ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆ ನೆಲಕ್ಕೆ ಸಮತಲವಾಗಿಲ್ಲ. ಕಾಂತೀಯ ಸಮಭಾಜಕ ತಮಿಳುನಾಡಿನ ತಿರುನೆಲ್ವೇಲಿಯ ಹತ್ತಿರ ಹಾದುಹೋಗುವುದರಿಂದ ನಮ್ಮಲ್ಲಿ ಮುಳ್ಳು ಹೆಚ್ಚುಕಡಿಮೆ ಮಟ್ಟಸವಾಗಿ ನಿಲ್ಲುತ್ತದೆ. ಸ್ವೀಡನ್ನಿನಲ್ಲಿ ಕ್ಷೇತ್ರ 70 ಡಿಗ್ರಿಗೂ ಹೆಚ್ಚು ಕೆಳಕ್ಕೆ ಬಾಗಿದೆ. ಅದನ್ನು ಸರಿದೂಗಿಸಲು ತಯಾರಕರು ಆಯಾ ವಲಯಕ್ಕೆ ತಕ್ಕಂತೆ ಮುಳ್ಳಿನ ತೂಕ ಹೊಂದಿಸಿರುತ್ತಾರೆ. ಇಲ್ಲಿನ ವಲಯದ ದಿಕ್ಸೂಚಿ ಅಲ್ಲಿ ಒಂದು ತುದಿ ಬಾಗಿ ಡಬ್ಬಿಯ ತಳಕ್ಕೆ ತಾಗುತ್ತದೆ, ಓಡುವಾಗ ಮುಳ್ಳು ಸಿಕ್ಕಿಕೊಂಡು ತಪ್ಪು ದಿಕ್ಕು ತೋರಿಸುತ್ತದೆ. ಅಲ್ಲಿನದು ಇಲ್ಲಿಗೆ ಬಂದರೂ ಅದೇ ಕತೆ, ಬಾಗುವುದು ಇನ್ನೊಂದು ತುದಿ. ಕೊಳ್ಳುವಾಗ ವಲಯ ಯಾವುದೆಂದು ಕೇಳಿ, ಅಥವಾ ಎಲ್ಲ ಕಡೆ ನಡೆಯುವ ಗ್ಲೋಬಲ್ ಮುಳ್ಳಿನದನ್ನು ತೆಗೆದುಕೊಳ್ಳಿ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಕಬ್ಬಿಣದ ಮೇಜಿನಿಂದ, ಮೊಬೈಲಿನಿಂದ ದೂರ ನಿಂತು ಅಂಗೈ ಮೇಲೆ ಮಟ್ಟಸವಾಗಿ ಹಿಡಿದು ಅರ್ಧ ಸುತ್ತು ಬೇಗನೆ ತಿರುಗಿ. ಒಳ್ಳೆಯ ಮುಳ್ಳು ಒಂದೆರಡು ಸೆಕೆಂಡಿನಲ್ಲಿ ನಡುಗದೆ ನಿಲ್ಲುತ್ತದೆ. ಸ್ವೀಡನ್ನಿಗೆ ಹೋದ ಮೇಲೆ ಮೊದಲ ದಿನದ ಓಟಕ್ಕೆ ಮುಂಚೆ ಅಲ್ಲಿನ ಅಭ್ಯಾಸ ನಕ್ಷೆಯೊಂದರ ಮೇಲೆ ಇದೇ ಪರೀಕ್ಷೆಯನ್ನು ಓಡುತ್ತಾ ಮಾಡಿ ನೋಡಿ.